ತಲಿ ಜ್ವಾಕಿ

ರೈಲು ವಾಡಿ ಜಂಕ್ಷನ್ನಿನಲ್ಲೇ ನಿಂತುಬಿಡಬಹುದಿತ್ತು. ನಿಲ್ಲದಿದ್ದರೂ ಹೈದರಾಬಾದಿನಲ್ಲಿ ಇಳಿಸುವಾಗ ಹಮಾಲರು ಅವ್ವಾರನ್ನು ತಲೆಯ ಕಡೆ ಎತ್ತಿ ಕಾಲಿನ ಕಡೆ ಮರೆಯಬಹುದಿತ್ತು. ಕ್ಲೋರೋಫಾರ್ಮ್ ಹೆಚ್ಚಾಗಿ ಅವರು ಏಳದೇ ಹೋಗಬಹುದಿತ್ತು, ಕಡಿಮೆಯಾಗಿ ನಡುವೆಯೇ ಎಚ್ಚರಾಗಬಹುದಿತ್ತು. ಎರಡರಲ್ಲಿ ಯಾವುದು ಕೆಟ್ಟದ್ದೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಡಾಕ್ಟರರಿಗೆ ಅವತ್ತು ಬೆಳಿಗ್ಗೆ ಮನೆಯಲ್ಲಿ ಜಗಳವಾಗಿ ಕೈ ನಡುಗಬಹುದಿತ್ತು. ಮೊಣಕಾಲ ಕೆಳಗಿನ ಎಲುಬಿನಿಂದ ಒಂದು ಚಕ್ಕೆ ಕೆತ್ತಿ ಬೆನ್ನಿಗೆ ಕೂಡಿಸುತ್ತಾರಂತೆ. ಬೆನ್ನು ಆ ಚಕ್ಕೆಯನ್ನು ಒಲ್ಲೆ ಎನ್ನಬಹುದಿತ್ತು, ಆಗ ಬೆನ್ನೂ ಹೋಯಿತು, ಕಾಲೂ ಹೋಯಿತು. ಗಾಯ ಕೀವಾಗಬಹುದಿತ್ತು. ಬೆನ್ನು ಅಲುಗದಂತೆ ಮೈಗೆ ಹಾಕುವ ಗಚ್ಚಿನ ಅಂಗಿಯೊಳಗೆ ತಿಗಣೆ ಸೇರಬಹುದಿತ್ತು, ಸೇರಿದರೆ ತೆಗೆಯುವವರು ಯಾರು? ದವಾಖಾನೆಯಲ್ಲಿ ಎರಡೂ ಹೊತ್ತು ಅನ್ನವನ್ನೇ ಹಾಕಿ, ಜೋಳ ಕಾಣದೆ ಅವರು ಸೊರಗಬಹುದಿತ್ತು. ಪಕ್ಕದ ಮಂಚದವರ ಚೀಟಿ ಇವರ ಮಂಚಕ್ಕೆ ಬಂದು ಕಣ್ಣಿನ ಪೊರೆ ತೆಗೆದು ಕಳಿಸಬಹುದಿತ್ತು. ಮೂವರು ಹೋದವರು ಇಬ್ಬರೇ ಬರಬಹುದಿತ್ತು.

ಇವೆಲ್ಲವನ್ನೂ ನಾನು ರೈಲಿನಲ್ಲಿ ಕೂತು ಒಂದೊಂದಾಗಿ ಹೊಂದಿಸಿಟ್ಟುಕೊಂಡಿದ್ದೆ. ಕೆಡುಕನ್ನು ಮೊದಲೇ ನೆನೆಸಿಬಿಟ್ಟರೆ ಅದು ನಾಚಿ ಹಿಂದೆ ಸರಿಯುತ್ತದೆ ಎಂಬುದು ನನ್ನ ಬಹಳ ದಿನದ ನಂಬಿಕೆ. ಆ ಸಲವಂತೂ ಅದು ನಿಜವಾಯಿತು. ಹೆಚ್ಚೂಕಡಿಮೆ ನಿಜವಾಯಿತು.

ಅದಾಗಿ ಎಷ್ಟೋ ವರ್ಷದ ಮೇಲೆ, ಹೋದ ತಿಂಗಳು, ಕಮಲಾಪುರದಿಂದ ಅವ್ವಾರ ತಮ್ಮ ಬಂದ. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು. "ಅಕ್ಕ ಹೋದ್ಳರಿ ಕಾರಕೂನರ," ಅಂದ. "ನಾಕು ದಿನಾ ಜ್ವರಾ ಬಂದಿತ್ತು, ಹೋಗಿಬಿಟ್ಳು. ಈ ಗೊನಿ ಆಕಿನೇ ನೋಡಿ ಕಡಿ ಅಂದದ್ದು. ಅದಕ್ಕ ತಂದೆ." ನಾನು ಹಣ್ಣು ಇಸಿದುಕೊಂಡೆ. ಬೆನ್ನು ಹೇಗಿತ್ತು ಎಂದು ಕೇಳಿದೆ. ಸತ್ತವರ ಬೆನ್ನಿನ ಚಿಂತೆ ಮಾಡುವವನು ನಾನೊಬ್ಬನೇ ಇರಬೇಕು. "ಬೆನ್ನು ಗಟ್ಟಿ ಇತ್ತರಿ," ಅಂದ ಅವನು, ಬೇಸರವಿಲ್ಲದೆ.

ಅವರಿಗೆ ಹೆಸರೊಂದು ಇತ್ತು. ಆದರೆ ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ಸ್ಟೇಶನ್ ಬಜಾರದಲ್ಲಿ ಅವರ ಖಾನಾವಳಿಗೆ ಬರುತ್ತಿದ್ದ ನಮಗೆಲ್ಲ ಅವರು ಅವ್ವಾರು. ಗಂಡ ಬೇಗ ಹೋಗಿ, ಮಕ್ಕಳಿಲ್ಲದೆ, ಒಂದು ಒಲೆ ಮತ್ತು ಒಂದು ಹಂಚಿನ ಮೇಲೆ ನಿಂತ ಸಂಸಾರ. ಸಂಸಾರವೆಂದರೆ ನಾವೇ: ಹಳ್ಳಿಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ನಿಜಾಮ ಸರಕಾರದ ಕಚೇರಿಗಳಲ್ಲಿ ಉರ್ದು ಕಾಗದ ಬರೆಯುವವರು, ಅಡತಿ ಅಂಗಡಿಯ ಗುಮಾಸ್ತರು, ರೈಲ್ವೆಯವರು.

ಊಟದ ಕೋಣೆಯ ಬಾಗಿಲು ಬಹಳ ಗಿಡ್ಡ. ಮೇಲೆ ಅಡ್ಡಕ್ಕೆ ಒಂದು ಶಹಾಬಾದಿ ಫರಸಿ ಕಲ್ಲು ಕೂಡಿಸಿದ್ದರು. ಯಾರ ನೆರಳು ಅಂಗಳಕ್ಕೆ ಬಿದ್ದರೂ ಒಲೆಯ ಮುಂದಿನಿಂದ ಕೂಗು ಬರುತ್ತಿತ್ತು: "ತಲಿ ಜ್ವಾಕಿ!" ಹೊಸಬರಿಗೆ ಕೂಗು ತಿಳಿಯುವುದರೊಳಗೆ ತಲೆ ತಿಳಿಸುತ್ತಿತ್ತು. ಒಮ್ಮೆ ಬಡಿಸಿಕೊಳ್ಳದವನನ್ನು ನಾವು ಖಾನಾವಳಿಯವನೆಂದೇ ಒಪ್ಪುತ್ತಿರಲಿಲ್ಲ. ನಾನು ಎಷ್ಟು ಸಲ ಒಳಗಿನವನಾದೆನೋ ಲೆಕ್ಕವಿಲ್ಲ, ಏಕೆಂದರೆ ಬಾಗಿಲು ದಾಟುವಾಗ ನನಗೆ ಯಾವಾಗಲೂ ಬೇರೆ ಯಾವುದೋ ಚಿಂತೆ. ಆ ಬಾಗಿಲಲ್ಲಿ ಒಮ್ಮೆಯೂ ತಲೆ ತಾಗದವರು ಅವ್ವಾರು ಒಬ್ಬರೇ. ಅವರು ಅದಕ್ಕಿಂತ ಕೆಳಗೇ ಇದ್ದರು.

ನಡು ಅಷ್ಟು ಬಾಗಿತ್ತು. ನೆಟ್ಟಗಾಗಲು ಹೋದರೆ ಸೊಂಟದಲ್ಲಿ ಸಿಡಿಲು ಹೊಡೆದಂತಾಗುತ್ತದೆ ಎನ್ನುತ್ತಿದ್ದರು. ಹೀಗಾಗಿ ಅವರಿಗೆ ನಮ್ಮ ಮುಖಗಳು ನಾವು ಊಟಕ್ಕೆ ಕೂತಾಗ ಮಾತ್ರ. ಬಜಾರದಲ್ಲಿ ಅವರು ನಮ್ಮನ್ನು ಗುರುತಿಸುತ್ತಿದ್ದುದು ಚಪ್ಪಲಿಯಿಂದ. "ಏನ್ರಿ ಕಾರಕೂನರ, ಎಡಗಾಲಿಂದು ಉಂಗಟಾ ಕಿತ್ತದಲ್ಲ, ಹೊಲಿಸಬಾರದೇನು?" ಎಂದು ನೆಲದ ಕಡೆಯಿಂದ ಮಾತು ಬಂದರೆ ಅದು ಅವ್ವಾರು. ಒಮ್ಮೆ ನಾನು ಹೊಸ ಚಪ್ಪಲಿ ಕೊಂಡು ಎದುರಿಗೇ ಬಂದಾಗ, ಸರಿದು ದಾರಿ ಕೊಟ್ಟು ಹಾಗೇ ಹೋಗಿಬಿಟ್ಟರು. ನಾನೇನು ತಪ್ಪು ಮಾಡಿದೆನೋ ಎಂದು ಸಂಜೆಯವರೆಗೆ ಕೊರಗಿದೆ. ಊಟಕ್ಕೆ ಕೂತಾಗ ಕೇಳಿದರೆ, "ಯಾರೋ ಸಾಹುಕಾರ ಬರಾಕತ್ಯಾನ ಅನಕೊಂಡೆ," ಅಂದರು.

ನನಗೂ ಬೆನ್ನುನೋವು ಇತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಇಳಿಜಾರಾದ ಗಿಡ್ಡ ಮೇಜಿನ ಮೇಲೆ ಬರೆಯುವವರಿಗೆಲ್ಲ ಇರುವಂಥದ್ದು. ಎರಡಾಗಿ ಮಡಚಿಹೋದ ಹೆಂಗಸಿನ ಎದುರು ಕೂತು ನಾನು ಆ ನೋವನ್ನು ದಿನವೂ ವರ್ಣಿಸುತ್ತಿದ್ದೆ. ಅವರು ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಬಡಿಯುವ ಸದ್ದು ತಪ್ಪುತ್ತಿರಲಿಲ್ಲ. ತಮ್ಮ ನೋವು ಬಂದಾಗ ಮಾತ್ರ ಅಂಗೈ ಒಂದು ಗಳಿಗೆ ಹಿಟ್ಟಿನ ಮೇಲೆ ನಿಲ್ಲುತ್ತಿತ್ತು, ಮತ್ತೆ ಸುರುವಾಗುತ್ತಿತ್ತು. ಕಡೆಗೊಮ್ಮೆ ಅಂದರು: "ನಿಮ್ಮ ಬೆನ್ನಿಗಿ ಏನೂ ಆಗಿಲ್ಲರಿ. ಬೆನ್ನಿನ ಮ್ಯಾಲೆ ಏನದಲ್ಲ, ಅದರಾಗ ಆಗೇದ."

ಅವ್ವಾರಿಗೆ ಎಕ್ಕೆ ಎಲೆ, ಬಿಸಿ ಇಟ್ಟಂಗಿ, ಸೊಂಟದ ಮೇಲೆ ಬರೆ, ಎಲ್ಲ ಆಗಿತ್ತು. ಬರೆಯ ಗುರುತು ಉಳಿದಿತ್ತು, ನೋವೂ ಉಳಿದಿತ್ತು. "ನೋವು ರೂಢಿಗಿ ಬಂದದರಿ," ಎನ್ನುತ್ತಿದ್ದರು. "ಬ್ಯಾಸರಿಕಿ ರೂಢಿಗಿ ಬರವಲ್ದು."

ಒಂದು ದಿನ ಹೈದರಾಬಾದಿನ ದೊಡ್ಡ ಡಾಕ್ಟರರೊಬ್ಬರು ರೈಲು ತಡವಾಗಿ ಸ್ಟೇಶನ್ನಿನಲ್ಲಿ ಸಿಕ್ಕಿಹಾಕಿಕೊಂಡರು. ನಮ್ಮ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದ ರೈಲ್ವೆಯ ಪಾರ್ಸಲ್ ಗುಮಾಸ್ತರು ಅವರನ್ನು ಊಟಕ್ಕೆ ಕರೆತಂದರು. ಡಾಕ್ಟರರು ಫರಸಿಗೆ ತಲೆ ಬಡಿಸಿಕೊಂಡು ಒಳಗಿನವರಾದರು, ಹಣೆ ಉಜ್ಜಿಕೊಳ್ಳುತ್ತ ಕೂತರು, ಎರಡನೆಯ ರೊಟ್ಟಿಗೆ ಅವ್ವಾರು ಎದ್ದು ಬಂದಾಗ ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಊಟವಾದ ಮೇಲೆ ಬೆನ್ನು ಒತ್ತಿ, ಕಾಲು ಎತ್ತಿಸಿ, ಉರ್ದುವಿನಲ್ಲಿ ಸಾವಕಾಶ ಹೇಳಿದರು: ಸೊಂಟದ ಹತ್ತಿರ ಎಲುಬಿನ ಮಣಿಗಳು ಸಡಿಲಾಗಿ ಒಂದಕ್ಕೊಂದು ತಿಕ್ಕುತ್ತಿವೆ, ಕಾಲಿನ ಎಲುಬಿನ ಚಕ್ಕೆಯನ್ನು ಅಡ್ಡ ಕೂಡಿಸಿದರೆ ಬೆಸೆದುಕೊಳ್ಳುತ್ತವೆ, ಆಮೇಲೆ ತಿಂಗಳುಗಟ್ಟಲೆ ಗಚ್ಚಿನ ಅಂಗಿಯಲ್ಲಿ ಮಲಗಬೇಕು, ನೋವು ಹೋಗಬಹುದು, ಎಷ್ಟು ನೆಟ್ಟಗಾಗುತ್ತಾರೋ ಹೇಳಲಾಗದು, ಏಳದೇ ಹಾಸಿಗೆಯಲ್ಲೇ ಉಳಿದವರೂ ಇದ್ದಾರೆ. ಪಾರ್ಸಲ್ ಗುಮಾಸ್ತರು ಇದನ್ನು ಕನ್ನಡದಲ್ಲಿ ಹೇಳುವಾಗ ಅಂಜಿಸುವ ಮಾತುಗಳನ್ನೆಲ್ಲ ಬಿಟ್ಟರು. ಅವರು ಬಿಟ್ಟಿದ್ದನ್ನೆಲ್ಲ ನಾನು ಕೂಡಿಸಿದೆ.

ಅವ್ವಾರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಎಲುಬು ತಗದ ಕಾಲಿಗಿ ಏನ್ ಹಾಕ್ತಾರ?"

"ಅದು ತಾನೇ ತುಂಬತದಂತರಿ," ಎಂದರು ಗುಮಾಸ್ತರು.

"ಕಾಲಿಗಿ ಇಷ್ಟು ಶಾಣ್ಯಾತನ ಇದ್ದದ್ದು ಬೆನ್ನಿಗಿ ಯಾಕಿಲ್ಲೋ."

ಅಲ್ಲಿಂದ ಸುರುವಾಯಿತು ಖಾನಾವಳಿಯ ಚರ್ಚೆ. ಪಾರ್ಸಲ್ ಗುಮಾಸ್ತರು ಆಪರೇಶನ್ ಕಡೆ. ಅವರ ಅನುಭವದಲ್ಲಿ ಸರಿಯಾಗಿ ಕಟ್ಟಿ ಕಳಿಸಿದ್ದು ಸರಿಯಾಗಿಯೇ ಮುಟ್ಟುತ್ತದೆ. ಟಾಂಗಾ ಹೊಡೆಯುವ ಚಾಂದಭಾಯಿ ಎದುರುಕಡೆ. ಅವನು ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಅವ್ವಾರು ಕೊಟ್ಟ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ಬಾಗಿಲೊಳಗೆ ಮಾತು ತೂರುತ್ತಿದ್ದ. "ಅಮ್ಮಾ, ಚಾಕು ಬಿತ್ತಂದ್ರ ಖಲ್ಲಾಸ್. ಕುದರೀದು ನಡಾ ಹೋದ್ರ ಡಾಕ್ಟರ್ ಸಾಬ ಏನ್ ಮಾಡ್ತಾರ ಗೊತ್ತದೇನು?"

"ಏನ್ ಮಾಡ್ತಾರಪ್ಪಾ?"

"ಬಂದೂಕು."

ಅವ್ವಾರು ಹಂಚಿನ ಮೇಲಿನ ರೊಟ್ಟಿ ಮಗುಚಿದರು. "ನಿನ್ನ ಕುದರಿಗಿಂತ ನಾ ಇನ್ನಾ ವಾಸಿ ಇದೀನಿ ಬಿಡೋ. ಅದು ದುಡದದ್ದು ನೀ ತಿಂತಿ. ನಾ ದುಡದದ್ದೂ ನೀನೇ ತಿನ್ನಾಕತ್ತಿ."

ನಾನು ಯಾವ ಕಡೆ? ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ. ನನ್ನನ್ನು ಕೇಳಿ ನಿರ್ಧಾರ ಮಾಡಿದವರು ಯಾರೂ ಇಲ್ಲ. ನನ್ನನ್ನು ಕೇಳಿ ನಿರ್ಧಾರ ಬಿಟ್ಟವರು ಬಹಳ ಇದ್ದಾರೆ.

ಅವ್ವಾರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆದರೆ ಮೂಲೆಯಲ್ಲಿ ದೊಡ್ಡದೊಂದು ಬುಟ್ಟಿ ಬಂತು. ನಮ್ಮ ಕಡೆ ಮನೆಯೊಡತಿ ಊರಿಗೆ ಹೋಗುವುದಿದ್ದರೆ ಹಿಂದೆ ಉಳಿಯುವವರಿಗಾಗಿ ಖಡಕ್ ರೊಟ್ಟಿ ಮಾಡಿ ಒಟ್ಟಿಡುತ್ತಾಳೆ. ಹಪ್ಪಳದಂತೆ ಒಣಗಿಸಿದ ಆ ರೊಟ್ಟಿ ಬಹಳ ದಿನ ಕೆಡುವುದಿಲ್ಲ. ಬುಟ್ಟಿ ನೋಡಿದರೆ ಸಾಕು, ಆಕೆ ಎಷ್ಟು ದಿನ ಬರುವುದಿಲ್ಲವೆಂದು ತಿಳಿಯುತ್ತದೆ. ಅವ್ವಾರು ಪಂಕ್ತಿ ಮುಗಿದ ಮೇಲೆ ಕೂತು ರೊಟ್ಟಿ ಮಾಡಿ ಬುಟ್ಟಿಗೆ ಇಳಿಸತೊಡಗಿದರು. ಬುಟ್ಟಿ ಇನ್ನೇನು ತುಂಬುತ್ತದೆ ಎನ್ನುವಾಗ, "ತಿನ್ರಿ, ತಿನ್ರಿ, ಮುಗಸ್ರಿ, ಇಲಿ ಹತ್ತತಾವ," ಎಂದು ನಮಗೇ ಬಡಿಸಿಬಿಟ್ಟರು. ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ನಾವು ಕರುಕುರು ಎಂದು ಮುಗಿಸಿದೆವು. ಬುಟ್ಟಿ ಮತ್ತೆ ತುಂಬುತ್ತ ಬಂತು. ಮತ್ತೆ, "ತಿನ್ರಿ, ತಿನ್ರಿ." ಹೀಗೇ ಬೇಸಿಗೆ ಹೋಯಿತು, ಮಳೆಗಾಲ ಬಂತು.

ಒಂದು ದಿನ ಉಳಿದವರೆಲ್ಲ ಎದ್ದು ಹೋದ ಮೇಲೆ ನಾನು ಕೇಳಿಯೇಬಿಟ್ಟೆ. "ಅವ್ವಾರ, ಈ ಖಡಕ್ ರೊಟ್ಟಿ ಯಾರಿಗ್ರಿ?"

ಅವರು ಹಿಟ್ಟಿನ ಕೈ ತೊಳೆದುಕೊಳ್ಳುತ್ತಿದ್ದರು. "ಬುಟ್ಟಿ ತುಂಬಿತಂದ್ರ ಹೋಗಬೇಕಾಗತದಲ್ಲರಿ," ಅಂದರು.

"ಅಂಜಿಕಿ ಆಗತದೇನ್ರಿ?"

"ಸತ್ತರ ಛಲೋನೇ ಆತು, ಅದಕ್ಯಾಕ ಅಂಜಲಿ. ಹಾಸಿಗ್ಯಾಗ ಉಳದ್ರ? ಊರ ಮಂದಿಗಿ ರೊಟ್ಟಿ ಬಡದು ಹಾಕಿದಾಕಿ, ಒಂದು ತುತ್ತಿಗಿ ಇನ್ನೊಬ್ಬರ ಮಾರಿ ನೋಡಬೇಕೇನು? ಹಿಂಗರ ಇದ್ರ ಬಗ್ಗೆರ ದುಡೀತೀನಿ." ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಗ್ಗೂದೂ ಸಾಕಾಗೇದ ಖರೆ," ಅಂದರು.

ಧೈರ್ಯ ಹೇಳಬೇಕಾದ ಜಾಗ ಅದು. ನಾನು ಹಾಸಿಗೆಹುಣ್ಣಿನ ವಿಷಯ ಎತ್ತಿದೆ.

ಅವರನ್ನು ಕೊನೆಗೂ ಹೊರಡಿಸಿದ್ದು ಡಾಕ್ಟರರಲ್ಲ, ಪಾರ್ಸಲ್ ಗುಮಾಸ್ತರಲ್ಲ. ಒಂದು ಬಾಳೆಗೊನೆ.

ಕಮಲಾಪುರದಲ್ಲಿ ಅವರ ತಮ್ಮನ ತೋಟ. ಅವರ ತವರಿನಲ್ಲಿ ಒಂದು ಪದ್ಧತಿ: ವರ್ಷದ ಮೊದಲನೆಯ ಗೊನೆಯನ್ನು ಮನೆಯ ಹಿರಿಯ ಮಗಳು ನೋಡಿ, ಕಡಿ ಎನ್ನಬೇಕು. ಆಕೆ ಹೇಳುವ ತನಕ ಕುಡುಗೋಲು ಮುಟ್ಟುವಂತಿಲ್ಲ. ಅವ್ವಾರು ಪರಕಾರ ಉಡುವ ಹುಡುಗಿಯಾಗಿದ್ದಾಗಿನಿಂದ ಈ ಅಧಿಕಾರ ನಡೆಸಿಕೊಂಡು ಬಂದವರು. ಆ ವರ್ಷ ಕಚೇರಿಗೆ ರಜೆ ಇತ್ತು, ದಾರಿಗೆ ಜೊತೆ ಬೇಕೆಂದು ನನ್ನನ್ನು ಕರೆದರು. ಸರ್ವೀಸ್ ಮೋಟಾರಿನಲ್ಲಿ ಮಗ್ಗುಲಾಗಿ ಒರಗಿ ಕೂತಿದ್ದರು. ತಗ್ಗು ಬಂದಾಗಲೆಲ್ಲ ನನ್ನ ಮುಂಗೈ ಹಿಡಿಯುತ್ತಿದ್ದರು, ಬಾಯಿಂದ ಒಂದು ಸದ್ದಿಲ್ಲ. ಇಳಿಯುವಾಗ ನನ್ನ ಕೈ ಮೇಲೆ ಅವರ ಉಗುರಿನ ಗೆರೆಗಳಿದ್ದವು. ಅವು ಕೀವಾದಾವೆಂದು ನಾನು ಒಂದು ವಾರ ನೋಡಿಕೊಂಡೆ.

ಕಮಲಾಪುರದ ಬಾಳೆ ಕೆಂಪು. ಎಳೆಯದರಲ್ಲೂ ಕೆಂಪು, ಬಲಿತಾಗಲೂ ಕೆಂಪು. ಬಣ್ಣ ನೋಡಿ ತಿಳಿಯುವಂತಿಲ್ಲ; ಕಾಯಿಯ ಏಣು ಹೋಗಿ ದುಂಡಗಾಗಿದೆಯೇ ಎಂದು ಕೆಳಗೆ ನಿಂತು, ಮುಖ ಎತ್ತಿ ನೋಡಬೇಕು. ತಮ್ಮ ಕುಡುಗೋಲು ಹಿಡಿದು ನಿಂತ. ಅವ್ವಾರು ಗಿಡದ ಬುಡಕ್ಕೆ ಹೋಗಿ ನಿಂತರು. ಗೊನೆ ಅವರ ಬೆನ್ನಿನ ಮೇಲೆ, ಬಹಳ ಎತ್ತರದಲ್ಲಿ. ಅವರ ಕಣ್ಣು ನೆಲದ ಮೇಲೆ. ಒಂದು ಸಲ ಸೊಂಟಕ್ಕೆ ಕೈ ಕೊಟ್ಟು ಏಳಲು ನೋಡಿದರು, ಆಗಲಿಲ್ಲ. ಕೆಂಪು ಮಣ್ಣಿನ ಮೇಲೆ ಗೊನೆಯ ನೆರಳು ಬಿದ್ದಿತ್ತು. ಅದನ್ನೇ ದಿಟ್ಟಿಸಿದರು.

"ಕಡಿ," ಅಂದರು.

ತಮ್ಮ ಮೇಲೆ ನೋಡಿದ. ಅಕ್ಕನ ಬೆನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನನಗೆ ಬಾಳೆಯ ವಿಷಯ ಏನೂ ಗೊತ್ತಿಲ್ಲವಾದ್ದರಿಂದ ನಾನು ಮುಗುಳ್ನಕ್ಕೆ. ಅವನು ಕಡಿದ.

ಆ ಗೊನೆಯನ್ನು ತಂದು ಊಟದ ಕೋಣೆಯ ಗೂಟಕ್ಕೆ ತೂಗುಹಾಕಿದೆವು. ದಿನಾ ಹಣ್ಣು ಕೇಳುವುದು, ದಿನಾ "ನಾಳಿಗಿ ಆಗತದ" ಎನ್ನುವುದು. ಆಗಲಿಲ್ಲ. ಸಿಪ್ಪೆ ಸುಕ್ಕಾಯಿತು, ಕಪ್ಪಾಯಿತು, ಒಳಗೆ ಮಾತ್ರ ಹಸಿಕಾಯಿ. ಒಂದು ದಿನ ಅವ್ವಾರು ಒಂದನ್ನು ಮುರಿದು ನೋಡಿ, ಅಂಗೈಯಲ್ಲಿ ಹಿಡಿದುಕೊಂಡು ಒಲೆಯ ಮುಂದೆ ಕೂತುಬಿಟ್ಟರು. ರೊಟ್ಟಿ ಬಡಿಯುವ ಸದ್ದು ನಿಂತದ್ದರಿಂದ ಪಂಕ್ತಿಯಲ್ಲಿದ್ದ ನಾವೆಲ್ಲ ಒಲೆಯ ಕಡೆ ತಿರುಗಿದೆವು.

"ತಮ್ಮಗ ಗೊತ್ತಿತ್ತರಿ ಇದು ಎಳೀದಂತ," ಅಂದರು, ಯಾರಿಗೆಂದಿಲ್ಲದೆ. "ಹ್ವಾದ ವರ್ಷನೂ ನೆಳ್ಳು ನೋಡೇ ಹೇಳಿದ್ದೆ, ಬರೋಬರಿ ಬಂದಿತ್ತು. ಈ ಸಲ ತಪ್ಪೀತು. ಅಂವಗ ಗೊತ್ತಿದ್ದೂ ಕಡದ. ಅಕ್ಕಗ ಸಿಟ್ಟು ಬರತದಂತ ಅಲ್ರಿ. ಅಕ್ಕಗ ಕಾಣಂಗಿಲ್ಲಂತ."

ಅವತ್ತಿನಿಂದ ಖಡಕ್ ರೊಟ್ಟಿಯನ್ನು ನಮಗೆ ಬಡಿಸಲಿಲ್ಲ. ಬುಟ್ಟಿ ತುಂಬಿತು. ಇನ್ನೊಂದು ಬುಟ್ಟಿ ಬಂತು. ಪಂಕ್ತಿಯಲ್ಲಿ ಒಬ್ಬರೂ ಆ ಮೂಲೆಯ ಕಡೆ ಕೈ ತೋರಿಸಲಿಲ್ಲ. ಹೋಗಬೇಡಿ ಎನ್ನುತ್ತಿದ್ದ ಚಾಂದಭಾಯಿ ಕೂಡ ಮಾತು ನಿಲ್ಲಿಸಿದ. ಖಾನಾವಳಿ ನೋಡಿಕೊಳ್ಳಲು ಕಮಲಾಪುರದಿಂದ ತಮ್ಮನ ಹೆಂಡತಿ ಬಂದಳು. ಅವ್ವಾರನ್ನು ಕರೆದುಕೊಂಡು ತಮ್ಮ ಮತ್ತು ನಾನು ರೈಲು ಹತ್ತಿದೆವು. ನಾನು ಯಾಕೆ ಹೋದೆನೆಂದರೆ, ಮನೆಯಲ್ಲಿದ್ದು ಚಿಂತಿಸುವುದಕ್ಕಿಂತ ಅಲ್ಲೇ ಹೋಗಿ ಚಿಂತಿಸುವುದು ಹಗುರ.

ದವಾಖಾನೆಯಲ್ಲಿ ಆಪರೇಶನ್ನಿಗೆ ಒಳಗೆ ಒಯ್ಯುವ ಮೊದಲು ಅವ್ವಾರು ನನ್ನನ್ನು ಕರೆದರು. ಕೊನೆಯ ಮಾತೇನಾದರೂ ಇರಬಹುದೆಂದು ನಾನು ಬಗ್ಗಿದೆ. "ಕಾರಕೂನರ, ನೀವು ಹೊರಗ ದೂರ ಹೋಗಿ ಕೂಡ್ರಿ. ನಿಮ್ಮ ಮಾರಿ ನೋಡಿದ್ರ ಡಾಕ್ಟರರ ಕೈ ನಡಗತಾವ."

ದೂರ ಹೋಗಿ ಕೂತೆ. ತಮ್ಮ ಬೆಂಚಿನ ಮೇಲೆ ಒರಗಿ ಗೊರಕೆ ಹೊಡೆಯುತ್ತಿದ್ದ. ಸ್ವಂತ ಅಕ್ಕ ಒಳಗಿರುವಾಗ ಹೀಗೂ ನಿದ್ದೆ ಬರುತ್ತದೆಯೇ ಎಂದು ಮೊದಲು ಸಿಟ್ಟು ಬಂತು, ಆಮೇಲೆ ಹೊಟ್ಟೆಕಿಚ್ಚು. ಬಹಳ ಹೊತ್ತಿನ ಮೇಲೆ ಡಾಕ್ಟರರು ಟೋಪಿ ತೆಗೆಯುತ್ತ ಹೊರಗೆ ಬಂದು, "ಹೋ ಗಯಾ," ಅಂದರು. ಮುಗಿಯಿತೆಂದರೆ ಏನು ಮುಗಿಯಿತು? ಅವರು ಅಷ್ಟರಲ್ಲಿ ನಮ್ಮ ಗಂಟಿನ ಕಡೆ ನೋಡಿ, ರೊಟ್ಟಿ ತಂದಿದ್ದೀರೇನು ಎಂದು ಕೇಳಿದರು. ಆಗ ಉಸಿರು ಬಂತು.

ತಮ್ಮ ಅಲ್ಲೇ ಉಳಿದ, ನಾನು ಕಚೇರಿಗೆ ಮರಳಿದೆ. ನಡುವೆ ಒಮ್ಮೆ ಹೋಗಿ ನೋಡಿದೆ. ಕುತ್ತಿಗೆಯಿಂದ ತೊಡೆಯವರೆಗೆ ಗಚ್ಚಿನಲ್ಲಿ ಹೂಳಿದಂತೆ ಅಂಗಾತ ಮಲಗಿದ್ದರು. ವರ್ಷಗಟ್ಟಲೆ ನೆಲ ನೋಡಿದವರಿಗೆ ಈಗ ಮಾಳಿಗೆ ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ. "ಹ್ಯಾಂಗದರಿ?" ಎಂದೆ. "ಮ್ಯಾಲೂ ಏನಿಲ್ಲ ಬಿಡ್ರಿ," ಅಂದರು, ಸಾಕಾದ ದನಿಯಲ್ಲಿ.

ಅವರು ತಿರುಗಿ ಬಂದ ದಿನ ನಾವು ಸ್ಟೇಶನ್ನಿಗೆ ಹೋಗಿದ್ದೆವು. ಚಾಂದಭಾಯಿ ಬಗ್ಗಿದವರನ್ನು ಹುಡುಕುತ್ತ ಅವ್ವಾರ ಎದುರಿಗೇ ಹಾಯ್ದು ಮುಂದಿನ ಡಬ್ಬಿಗೆ ಓಡಿದ. ಅವ್ವಾರು ತಮ್ಮನ ಭುಜ ಹಿಡಿದು, ಸೀರೆಯ ಕೆಳಗೆ ಇನ್ನೂ ಗಚ್ಚಿನ ಅಂಗಿ, ನೆಟ್ಟಗೆ ಕಂಬದ ಹಾಗೆ ನಿಂತಿದ್ದರು. ಹಣೆಯ ತುಂಬ ಹೊಸದಾಗಿ ಧರಿಸಿದ ವಿಭೂತಿ. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಮೇಲಿಂದ ಎನ್ನುವುದು ನಿಜವೇ.

"ಅಯ್ಯ, ಕಾರಕೂನರ! ನೀವು ಇಷ್ಟು ಗಿಡ್ಡ ಇದ್ದೀರೇನು? ಊಟಕ್ಕ ಕೂತಾಗ ಎತ್ತರ ಕಾಣತಿದ್ರಿ."

ನಾನು ನಗಲಿಲ್ಲ, ನನಗೆ ಬೇರೆ ಕೆಲಸವಿತ್ತು. ಟಾಂಗಾದ ಮೇಲೆ ಎರಡು ಗಾದಿ ಹಾಸಿಸಿದ್ದೆ. ಕುದುರೆಯನ್ನು ನಡೆಸಿಕೊಂಡೇ ಬರಬೇಕೆಂದು ಚಾಂದಭಾಯಿಯಿಂದ ಆಣೆ ಮಾಡಿಸಿದ್ದೆ. ಅಂಗಳದಲ್ಲಿ ಜಾರುವ ಕಲ್ಲಿನ ಮೇಲೆ ಮರಳು ಚೆಲ್ಲಿಸಿದ್ದೆ, ನೀರಿನ ಹಂಡೆ ಸರಿಸಿದ್ದೆ, ಹೊಸ್ತಿಲ ಹತ್ತಿರ ಚಪ್ಪಲಿ ಬಿಡಬಾರದೆಂದು ಎಲ್ಲರಿಗೂ ಹೇಳಿಟ್ಟಿದ್ದೆ. ಎಡಗೈ ತಮ್ಮ ಹಿಡಿದ, ಬಲಗೈ ನಾನು. "ಕಾಲು ನೋಡ್ರಿ, ಕಾಲು," ಎಂದು ನಾನು ಹೇಳುತ್ತಲೇ ಇದ್ದೆ. ಪಂಕ್ತಿಯವರೆಲ್ಲ ಎರಡೂ ಕಡೆ ನಿಂತು, ಸೊಂಟ ಬಗ್ಗಿಸಿ, ಅವ್ವಾರ ಪಾದಗಳನ್ನೇ ನೋಡುತ್ತಿದ್ದರು. ಒಲೆಯ ಮುಂದಿನಿಂದ ಕೂಗುವವರು ಯಾರೂ ಇರಲಿಲ್ಲ. ಅವ್ವಾರು ಹೊಸ್ತಿಲ ಮುಂದೆ ಒಂದು ಕ್ಷಣ ನಿಂತು, ಮುಖ ನೆಟ್ಟಗೆ ಇಟ್ಟುಕೊಂಡು, ತಮ್ಮದೇ ಊಟದ ಕೋಣೆಯೊಳಗೆ ನಡೆದರು.

ಟಕ್ ಎಂದು ಸದ್ದಾಯಿತು.

ಫರಸಿ ಕಲ್ಲಿನ ಮೇಲೆ ವಿಭೂತಿ ಬಳಿದುಕೊಂಡಿತ್ತು. ಅವರ ಹಣೆಯ ಮೇಲೆ ನಾವು ನೋಡುತ್ತಿದ್ದಂತೆ ಬಾರಿಹಣ್ಣಿನಷ್ಟು ಒಂದು ಬುಗುಟು ಎದ್ದಿತು. ಅವ್ವಾರು ಹಣೆ ಮುಟ್ಟಿ ನೋಡಿಕೊಂಡರು, ಕಲ್ಲು ಮುಟ್ಟಿ ನೋಡಿದರು. ಗಚ್ಚಿನ ಅಂಗಿಯೊಳಗೆ ನಗು ಹಿಡಿಸದೆ ಕಣ್ಣಲ್ಲಿ ನೀರು ಬಂತು.

"ಇಷ್ಟು ವರ್ಷ ಊರ ಮಂದಿಗೆಲ್ಲಾ ಒದರಿದೆ," ಅಂದರು. "ನನಗೊಬ್ಬರರ ಅನಬಾರದೇನ್ರೋ?"